ಹೂ ಬಿಟ್ಟ ದಿನ ಕೆಳಗಿನ ಕೋಣೆ

ಏಳು ಸಿಗ್ನಲ್ಲುಗಳ ಆಚೆ, ಏಳು ಟೆಕ್ ಪಾರ್ಕುಗಳ ಈಚೆ, ಕುಂದಲಹಳ್ಳಿ ಅನ್ನುವ ಊರಿನಲ್ಲಿ ಇಪ್ಪತ್ತೆಂಟು ಕೋಣೆಗಳ ಒಡತಿಯೊಬ್ಬಳಿದ್ದಳು. ಅವಳಿಗೆ ಒಂದು ಹೂವಿನ ಮೇಲೆ ಆಸೆಯಾಯಿತು. ಅವಳ ಕಟ್ಟಡದ ತುತ್ತತುದಿಯಲ್ಲಿ, ತಗಡಿನ ಸೂರಿನಡಿ, ಕಾಲು ಮುರಿದ ಗಂಡನನ್ನು ಮಲಗಿಸಿಕೊಂಡು ಒಬ್ಬ ಬಡವಿಯಿದ್ದಳು. ಒಡತಿ ಬಡವಿಯನ್ನು ಕರೆದು, ಈ ಹೂವನ್ನು ಅರಳಿಸು, ನಿನ್ನ ಗಂಡನನ್ನು ನೆಲಕ್ಕೆ ಇಳಿಸಿಕೊಡುತ್ತೇನೆ ಎಂದಳು.

ಅಜ್ಜಿ ಹೇಳಿದ್ದರೆ ಕಥೆ ಹೀಗೆ ಶುರುವಾಗುತ್ತಿತ್ತು. ಒಡತಿ ನನ್ನ ಅಜ್ಜಿಯೇ ಆದ್ದರಿಂದ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅಪ್ಪ ಅಮ್ಮ ಚಿಕ್ಕಬಾಣಾವರದ ಹೊಸ ಮನೆಗೆ ಹೋದ ಮೇಲೆ ಆಫೀಸಿಗೆ ಹತ್ತಿರವೆಂದು ನಾನು ಅಜ್ಜಿಯ ಜೊತೆಯೇ ಉಳಿದೆ. ಹತ್ತಿರ ಎನ್ನುವುದು ನೆಪ. ನಾನು ಬೆಳೆದದ್ದೇ ಅಜ್ಜಿಯ ಪಕ್ಕೆಗೆ ಅಂಟಿಕೊಂಡು, ಅವಳ ಕಥೆ ಕೇಳುತ್ತ. ಅವಳ ಕಥೆಗಳಲ್ಲಿ ರಾಜರು ಆಗದ ಕೆಲಸಗಳನ್ನೇ ಕೊಡುತ್ತಿದ್ದರು: ಜರಡಿಯಲ್ಲಿ ನೀರು ತಾ, ಮರಳಿನಲ್ಲಿ ಹಗ್ಗ ಹೊಸೆ, ಮೂರು ಖಂಡುಗ ರಾಗಿಯಲ್ಲಿ ಬೆರೆತ ಸಾಸಿವೆಯನ್ನು ಬೆಳಗಾಗುವುದರೊಳಗೆ ಆರಿಸು. ಕೊನೆಗೆ ಇರುವೆಗಳೋ ಗುಬ್ಬಿಗಳೋ ಬಂದು ಮಾಡಿಕೊಡುತ್ತಿದ್ದವು. ಹುಡುಗಿ ಗೆಲ್ಲುತ್ತಿದ್ದಳು. ಅಂಥ ಕೆಲಸ ಕೊಟ್ಟ ರಾಜನನ್ನು ಕಥೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ನಾನೂ ಬೈದವಳಲ್ಲ.

ಹೂವಿನ ಆಸೆ ಹುಟ್ಟಿದ್ದು ಹೋದ ವರ್ಷಕ್ಕೂ ಹಿಂದಿನ ವರ್ಷದ ಜನವರಿಯಲ್ಲಿ. ನಮ್ಮ ಸೇವಂತಿಗೆ ತೋಟವಿದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ನಿಂತಿದೆ. ಅಲ್ಲಿನವರು ಹೂವಿನ ಪ್ರದರ್ಶನ ಇಟ್ಟಿದ್ದರು. ಅಜ್ಜಿ ವಸಂತಮ್ಮ ರೇಷ್ಮೆ ಸೀರೆ ಉಟ್ಟು, ನನ್ನ ತೋಳು ಹಿಡಿದು ಹೋದಳು. ಮೂವತ್ತು ವರ್ಷ ಸೇವಂತಿಗೆ, ಕನಕಾಂಬರ, ಕಾಕಡ ಬೆಳೆದ ಕೈ ಅವಳದು. ಎಲ್ಲ ಕುಂಡಗಳನ್ನೂ ದಾಟಿ ಒಂದರ ಮುಂದೆ ನಿಂತುಬಿಟ್ಟಳು. ಗೇಣುದ್ದದ ಗಿಡ. ಕೊತ್ತಂಬರಿಯಂಥ ಎಲೆ. ಅದರ ಮೇಲೆ ನೀಲಿ ಹೂ, ಒಳಗೆ ಬಿಳಿ, ಬೆನ್ನಿಗೆ ಐದು ಸಣ್ಣ ಕೊಕ್ಕೆ. ಅಜ್ಜಿ ಬೆರಳು ಚಾಚಿದಳು.

"ಮುಟ್ಬೇಡಿ ಅಮ್ಮ, ಪ್ಲೀಸ್," ಎಂದಳು ಅಲ್ಲಿದ್ದ ಹೆಂಗಸು. "ಇದು ಕೊಲಂಬೈನ್. ಶಿಮ್ಲಾ ಕಡೆ ಬೆಳೆಯೋದು. ನಿಮ್ಮ ಸೇವಂತಿಗೆ ಥರ ಅಲ್ಲ. ಇಲ್ಲಿ ಯಾರ ಕೈಲೂ ಬರಲ್ಲ."

"ಈ ನೆಲದಲ್ಲಿ ಬರ್ದೇ ಇರೋದು ಯಾವ್ದೂ ಇಲ್ಲ ಕಣವ್ವ," ಎಂದಳು ಅಜ್ಜಿ. "ಈ ನೆಲ ನನ್ದಾಗಿತ್ತು."

ಹೆಂಗಸು ನಕ್ಕು ಬೇರೆ ಯಾರನ್ನೋ ಮಾತಾಡಿಸಲು ಹೋದಳು. ಆ ನಗುವನ್ನು ಅಜ್ಜಿ ಮನೆಯ ತನಕ ಹೊತ್ತುಕೊಂಡು ಬಂದಳು.

ನಾನು ಆನ್‌ಲೈನಿನಲ್ಲಿ ಬೀಜ ತರಿಸಿದೆ. ಕುಂಡಕ್ಕೆಂದೇ ಇರುವ ಗಿಡ್ಡ ಜಾತಿ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನಾನು ಓದಿ ಹೇಳುವ ಮೊದಲೇ ಅಜ್ಜಿ ಅರ್ಧ ಬೀಜವನ್ನು ಬಿತ್ತಿ, ಬೆರಳುದ್ದ ಮಣ್ಣು ಮುಚ್ಚಿ, ನೀರು ಹಾಕಿದ್ದಳು. ಒಂದೂ ಹುಟ್ಟಲಿಲ್ಲ. ಆಮೇಲೆ ಕೂತು ಓದಿಸಿಕೊಂಡಳು. ಬೀಜಕ್ಕೆ ನಾಲ್ಕು ವಾರ ಚಳಿ ಬೇಕು, ಫ್ರಿಡ್ಜಿನಲ್ಲಿ ಇಡಬೇಕು. ಮಣ್ಣು ಮುಚ್ಚಬಾರದು, ಬೆಳಕು ಕಂಡರೇ ಮೊಳೆಯುತ್ತದೆ. ಮಧ್ಯಾಹ್ನದ ಬಿಸಿಲು ಆಗದು. ಕೊನೆಯ ಸಾಲು ಹೀಗಿತ್ತು: ಬಿತ್ತಿದ ವರ್ಷ ಹೂ ಬಿಡುವುದಿಲ್ಲ, ಒಂದು ಚಳಿಗಾಲ ಪೂರ್ತಿ ಕಳೆದ ಮೇಲೆಯೇ.

"ಇನ್ನೊಂದ್ಸಲ ಓದು," ಎಂದಳು. ಓದಿದೆ.

"ಅಷ್ಟು ದಿನ ಇದರ ಸೇವೆ ಮಾಡೋರು ಯಾರು? ನನ್ನ ಮಂಡಿ ಕೇಳ್ತದಾ?" ಎಂದು ಪ್ಯಾಕೆಟ್ಟನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಆ ಜೂನಿನಲ್ಲಿ ಮರೆಪ್ಪ ಬಿದ್ದ. ನಮ್ಮ ಕಟ್ಟಡದ ಮೂರನೇ ಮಹಡಿಯ ಮೇಲೆ, ಟೆರೇಸಿನಲ್ಲಿ, ನಾಲ್ಕು ಶೀಟ್ ಮನೆಗಳಿವೆ. ಅದರಲ್ಲೊಂದು ಮರೆಪ್ಪ, ಅವನ ಹೆಂಡತಿ ಹನುಮವ್ವರದು. ಚಿತ್ತಾಪುರದ ಕಡೆಯವರು. ಅವನು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳು ಟೆಕ್ ಪಾರ್ಕೊಂದರಲ್ಲಿ ಹೌಸ್‌ಕೀಪಿಂಗ್, ಬೆಳಿಗ್ಗೆ ಆರರಿಂದ ಎರಡರವರೆಗೆ. ಕೆಲಸದ ಕಟ್ಟಡದ ಎರಡನೇ ಮಹಡಿಯಿಂದ ಬಿದ್ದವನಿಗೆ ಸೊಂಟದ ಕೀಲಿನ ಹತ್ತಿರ ಮುರಿದಿತ್ತು. ಆಪರೇಶನ್ ಮಾಡಿ ರಾಡ್ ಹಾಕಿದ ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು. ದಿನಾ ಸಮ ನೆಲದ ಮೇಲೆ ಹಿಡಿದುಕೊಂಡು ನಡೆಸಬೇಕು, ಆಮೇಲೆ ಕೋಲು ಕೊಟ್ಟು ಬೀದಿ ತನಕ. ನಡೆಸದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ, ಬಿಗಿದ ಮೇಲೆ ದೇವರೂ ಬಿಡಿಸಲಾರ.

ಶೀಟ್ ಮನೆಯಲ್ಲಿ ನಡೆಸಲು ಜಾಗವಿಲ್ಲ. ಹೊರಗೆ ಟೆರೇಸೆಂದರೆ ನೀರಿನ ಪೈಪು, ಟ್ಯಾಂಕಿನ ಕಟ್ಟೆ, ಕೇಬಲ್ಲು, ಇಳಿಜಾರು. ಕೆಳಗೆ ಇಳಿಯಲು ಐವತ್ತೆರಡು ಮೆಟ್ಟಿಲು.

ನೆಲ ಅಂತಸ್ತಿನಲ್ಲಿ, ನಮ್ಮ ಮನೆಯ ಹಿಂದೆ, ನೀರಿನ ಸಂಪಿನ ಪಕ್ಕ ಒಂದು ಕೋಣೆ ಖಾಲಿ ಇತ್ತು. ಖಾಲಿ ಎಂದರೆ ತಾತನ ಸೈಕಲ್ಲು, ಕೆಟ್ಟ ಗ್ರೈಂಡರು, ಗೋಣಿಚೀಲ. ಉತ್ತರಕ್ಕೆ ಕಿಟಕಿ. ಬಾಗಿಲಿಂದ ಗೇಟಿನವರೆಗೆ ಮೂವತ್ತು ಹೆಜ್ಜೆ ಸಮ ನೆಲ.

ಹನುಮವ್ವ ಒಂದು ಭಾನುವಾರ ಬೆಳಿಗ್ಗೆ ಬಂದು ನಮ್ಮ ಹೊಸಿಲಾಚೆ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾರ, ಕೆಳಗಿನ ಖೋಲಿ ಕೊಡ್ರಿ. ಬಾಡಿಗಿ ಮ್ಯಾಲಿನ್ದಕ್ಕಿಂತ ಜಾಸ್ತಿ ಆದ್ರೂ ಕೊಡ್ತೀವ್ರಿ. ಆರು ತಿಂಗ್ಳು ಸಾಕು, ಅವ ನಡಿಯೂತನಕ."

"ಅದ್ರಲ್ಲಿ ನಮ್ಮ ಯಜಮಾನ್ರ ಸಾಮಾನದೆ," ಎಂದಳು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ.

"ಸಾಮಾನ ನಾ ಮ್ಯಾಲ ಹೊತ್ತು ಇಡ್ತೀನ್ರಿ. ಒಂದೂ ಹಾಳಾಗಂಗಿಲ್ಲ."

"ಕಾಯಿಲೆಯವನ್ನ ಬಾಗಿಲ ಹತ್ರ ಮಲಗಿಸ್ಕೊಂಡು ನಾನು ದಿನಾ ಮುಖ ನೋಡಾಕಾಯ್ತದೇನೆ?"

ಹನುಮವ್ವ ಎದ್ದು ಹೋಗಲಿಲ್ಲ. ಬೇಡಲೂ ಇಲ್ಲ. ಕೂತೇ ಇದ್ದಳು. ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು, ಅಗಿದಳು, ಅವಳ ಕೈಗಳನ್ನು ನೋಡಿದಳು.

"ನಿಮ್ಮೂರಲ್ಲಿ ಏನ್ ಬೆಳೀತೀರೆ?"

"ತೊಗರಿರಿ. ಹತ್ತಿ, ಹೆಸರು."

"ಗಿಡ ಕೈಗೆ ಬರ್ತದಾ?"

"ನಾ ಹಚ್ಚಿದ್ದು ಯಾವ್ದೂ ಸತ್ತಿಲ್ರಿ."

ಅಜ್ಜಿಯ ಮುಖದಲ್ಲಿ ಕಥೆ ಶುರುವಾಗುವಾಗ ಬರುವ ಕಳೆ ಬಂತು. ನನಗದು ಚೆನ್ನಾಗಿ ಗೊತ್ತು. ನನ್ನ ಮೈಯೂ ಜುಮ್ಮೆಂದಿತು. ಅಜ್ಜಿ ನನ್ನ ಕೈಯಿಂದ ದೇವರ ಪಟದ ಹಿಂದಿನ ಪ್ಯಾಕೆಟ್ಟನ್ನು ತರಿಸಿ, ಹನುಮವ್ವನ ಮಡಿಲಿಗೆ ಹಾಕಿದಳು.

"ತಗೋ. ಇದು ಊವ ಬಿಟ್ಟ ದಿನ ಆ ಕೋಣೆ ಬೀಗದಕೈ ನಿನ್ನ ಕೈಲಿರ್ತದೆ. ವಸಂತಮ್ಮನ ಮಾತು. ಇಡೀ ಕುಂದಲಹಳ್ಳೀಲಿ ಯಾರನ್ನಾದ್ರೂ ಕೇಳು."

ಹನುಮವ್ವ ಪ್ಯಾಕೆಟ್ಟಿನ ಮೇಲಿನ ಹೂವಿನ ಚಿತ್ರ ನೋಡಿದಳು. ಕಣ್ಣಿಗೊತ್ತಿಕೊಂಡಳು. ಅವಳು ಅತ್ತ ಹೋದ ಮೇಲೆ ನಾನು, "ಅಜ್ಜಿ, ಅದು ಮುಂದಿನ ವರ್ಷವೇ ಹೂ ಬಿಡೋದು," ಎಂದೆ.

"ಗೊತ್ತು. ನೀನೇ ಓದಿದ್ಯಲ್ಲ ಎರಡು ಸಲ. ನೀನು ಬಾಯಿ ಆಕಬ್ಯಾಡ. ಕಥೇಲಿ ಯಾರಾದ್ರೂ ಹೇಳ್ಕೊಡ್ತಾರಾ?"

ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನಮ್ಮ ಫ್ರಿಡ್ಜಿನಲ್ಲಿ ಇಟ್ಟೆವು. ಅದೇ ವಾರ ಮರೆಪ್ಪನ ತೊಡೆಯ ಊತಕ್ಕೆ ಐಸ್ ಪ್ಯಾಕ್ ಇಡಬೇಕೆಂದು ಡಾಕ್ಟರು ಹೇಳಿದ್ದರು. ಎರಡು ಪ್ಯಾಕು ನಿಮ್ಮ ಫ್ರಿಡ್ಜಿನಲ್ಲಿ ಇಟ್ಟುಕೊಳ್ಳಲೇ ಎಂದು ಹನುಮವ್ವ ಕೇಳಿದಳು. ರೋಗಿಯ ಮೈಗೆ ಒತ್ತಿದ್ದನ್ನು ಹಾಲು ಮೊಸರಿನ ಪಕ್ಕ ಇಡಲಾಗದು ಎಂದಳು ಅಜ್ಜಿ. ಹಾಗಾಗಿ ಆ ಜುಲೈ ಪೂರ್ತಿ ಬೀಜಗಳು ತಣ್ಣಗೆ ಮಲಗಿದವು. ಮರೆಪ್ಪನ ತೊಡೆ ಬಾತುಕೊಂಡೇ ಇತ್ತು. ದಿನಕ್ಕೊಮ್ಮೆ ಹನುಮವ್ವ ಬಂದು ಹೊಸಿಲಾಚೆಯಿಂದ, "ಅಕ್ಕಾರ, ಬೀಜ ಹ್ಯಾಂಗವ?" ಎಂದು ಕೇಳುತ್ತಿದ್ದಳು. ನಾನು ಡಬ್ಬಿ ತೆರೆದು ತೋರಿಸುತ್ತಿದ್ದೆ. ಕಾಮಕಸ್ತೂರಿ ಬೀಜದಂತೆ ಕರ್ರಗೆ, ಮಿರಮಿರ.

ಆಗಸ್ಟಿನಲ್ಲಿ ಹನುಮವ್ವ ಕೆಳಗೆ ನಮ್ಮ ಕಟ್ಟೆಯ ಬಳಿ ಆರು ಕುಂಡಗಳಿಗೆ ಬಿತ್ತಿದಳು. ಎಲ್ಲ ಬೀಜಕ್ಕೂ ಮಾಡುವಂತೆ ಮಣ್ಣು ಮುಚ್ಚಲು ಕೈ ಎತ್ತಿದಳು. ನಾನು ತಡೆದೆ. "ಮುಚ್ಬಾರದು. ಹಾಗೇ ಮೇಲೆ ಒತ್ತಿ ಬಿಡು." ಅವಳು ನಂಬದೆ ನೋಡಿದಳು. ಮುಚ್ಚದ ಬೀಜವನ್ನು ಅವಳ ಊರಲ್ಲಿ ಇರುವೆ ಒಯ್ಯುತ್ತದೆ, ಇಲ್ಲವೇ ಬಿಸಿಲು ಸುಡುತ್ತದೆ. ಆದರೂ ನಂಬಿದಳು. ನಾನೇ ಕಥೆಯೊಳಗಿನ ಗುಬ್ಬಿ ಎಂದು ಆ ದಿನವೆಲ್ಲ ಹಿಗ್ಗಿದೆ.

ಮೂರು ವಾರಕ್ಕೆ ಮೊಳೆ ಬಂತು. ಆರು ಕುಂಡದಲ್ಲೂ ಬಂತು. ಹನುಮವ್ವ ಕೆಲಸದಿಂದ ಬಂದವಳು ಊಟಕ್ಕೂ ಮೊದಲು ಕುಂಡದ ಮುಂದೆ ಕೂರುತ್ತಿದ್ದಳು. ಎಲೆಯೊಳಗೆ ಹೊಕ್ಕು ಬಿಳಿ ಗೆರೆ ಕೊರೆಯುವ ಹುಳವನ್ನು ಉಗುರಿನಲ್ಲಿ ಒಂದೊಂದಾಗಿ ಒತ್ತಿ ಕೊಲ್ಲುತ್ತಿದ್ದಳು. ಮಳೆ ಹೊಡೆದಾಗ ಹರಿದ ಫ್ಲೆಕ್ಸ್ ಕಟ್ಟುತ್ತಿದ್ದಳು. ಆದರೂ ಸೆಪ್ಟೆಂಬರಿನ ಮಳೆಗೆ ಎರಡು ಗಿಡಗಳ ಬೇರು ಕೊಳೆಯಿತು. ನಾಲ್ಕು ಉಳಿದವು. ಅವಳು ಆ ಎರಡನ್ನು ಯಾರಿಗೂ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಎಸೆದಳು. ಅಜ್ಜಿ ಕಂಡಳು.

"ಎರಡು ಕೊಂದ್ಯಾ?"

"ಮಳಿಗಿ ಹೋದ್ವ್ರಿ, ಅಮ್ಮಾರ."

"ನೀನು ಹಚ್ಚಿದ್ದು ಸಾಯಕಿಲ್ಲ ಅಂದಿದ್ದೆ."

ಅಕ್ಟೋಬರಿನಲ್ಲಿ ಗದಿಗೆಪ್ಪ ಬಂದ. ಮರೆಪ್ಪನ ಅಕ್ಕನ ಗಂಡ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಟಿ. ದಾಸರಹಳ್ಳಿಯಲ್ಲಿ ಮನೆ. ಅವನ ವಠಾರದಲ್ಲಿ ನೆಲ ಅಂತಸ್ತಿನದೇ ಒಂದು ಕೋಣೆ ಖಾಲಿಯಾಗಿತ್ತು. ಹದಿನೈದು ದಿನ ತಡೆದಿಡುತ್ತೇನೆಂದು ಅಲ್ಲಿನ ಮಾಲೀಕರು ಹೇಳಿದ್ದರಂತೆ. ಹನುಮವ್ವ ಕೆಲಸ ಬಿಟ್ಟು ಅತ್ತ ಬೇರೆ ಹುಡುಕಿಕೊಳ್ಳಬೇಕಾಗುತ್ತಿತ್ತು. ಹುಡುಕಿಕೊಳ್ಳುತ್ತಿದ್ದಳು. ಕಾಲಿಗಿಂತ ಅದು ದೊಡ್ಡದಲ್ಲ.

ನಮ್ಮ ಮುಂದಿನ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು, ಪಕ್ಕದಲ್ಲಿ ನಾನು ಲ್ಯಾಪ್‌ಟಾಪ್ ಹಿಡಿದಿದ್ದೆ. ಗದಿಗೆಪ್ಪ ಗೇಟಿನ ಹತ್ತಿರ ನಿಂತು, "ನಡಿಯವ್ವ, ಹೂವಂತ ಹೂವು. ಇವ್ರಿಗಿ ಮಾಡಾಕ ಕೆಲ್ಸಿಲ್ಲ, ನಿನಗ ಬುದ್ಧಿಲ್ಲ," ಎಂದ, ನಮಗೆ ಕೇಳಲೆಂದೇ.

"ಓಗೋದಾದ್ರೆ ಓಗು," ಎಂದಳು ಅಜ್ಜಿ. "ಮೊಗ್ಗಾಗೋ ಒತ್ತಲ್ಲಿ ಬಿಟ್ಟು ಓದ್ರೆ ಕುಂಡ ನಾನು ಇನ್ಯಾರಿಗಾದ್ರೂ ಕೊಡ್ತೀನಿ. ಮೇಲಿನ ಮನೆ ಸಿದ್ರಾಮ ಕೇಳ್ತಾ ಅವನೆ ಕೋಣೇನ."

ಹನುಮವ್ವ ನನ್ನ ಹತ್ತಿರ ಬಂದಳು. ಪ್ಯಾಕೆಟ್ಟನ್ನು ರವಿಕೆಯೊಳಗಿಂದ ತೆಗೆದಳು. ಬೆವರಿಗೆ ನೀಲಿ ಬಣ್ಣ ಅರ್ಧ ಕಲೆಸಿಹೋಗಿತ್ತು.

"ಅಕ್ಕಾರ, ನೀವು ಓದೀರಿ. ಯಾವಾಗ ಹೂ ಬಿಡ್ತದಂತ ಬರದಾರ? ಖರೇ ಹೇಳ್ರಿ. ಈ ತಿಂಗ್ಳದಾಗ ಬಿಡ್ತದಂದ್ರ ಇರ್ತೀನಿ. ಇಲ್ಲಂದ್ರ ಹೋಗ್ತೀನಿ."

ಅಜ್ಜಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೆದರಿ ಹೇಳಿದೆ ಎನ್ನಬಹುದಿತ್ತು. ನನಗೇ ಆ ಹೂ ಬೇಕಿತ್ತು. ಇವಳು ಹೋದರೆ ಗಿಡ ಸಾಯುತ್ತದೆ, ಕಥೆ ಅರ್ಧಕ್ಕೆ ನಿಲ್ಲುತ್ತದೆ, ಅರ್ಧಕ್ಕೆ ನಿಂತ ಕಥೆಯಲ್ಲಿ ಯಾರೂ ಗೆಲ್ಲುವುದಿಲ್ಲ ಎಂದೆಲ್ಲ ನನ್ನ ತಲೆಯಲ್ಲಿ ಓಡಿತು. ಮೇಲೆ ಮಲಗಿದ್ದವನ ಕಾಲು ಆ ಓಟದಲ್ಲಿ ಇರಲಿಲ್ಲ.

"ಚಳಿ ಹಿಡೀತಿದ್ದ ಹಾಗೇ ಬಿಡುತ್ತೆ ಅಂತ ಬರೆದಿದೆ," ಎಂದೆ. "ಇನ್ನೇನು, ದೀಪಾವಳಿ ಹೊತ್ತಿಗೆ."

"ದೀಪಾವಳಿ," ಎಂದು ಅವಳು ಗದಿಗೆಪ್ಪನ ಕಡೆ ತಿರುಗಿದಳು. ಮುಖ ಬೆಳಗಿತ್ತು. "ಇಪ್ಪತ್ ದಿನಾ, ಮಾಮಾ. ಇಷ್ಟ್ ತಡದೀನಿ, ಇಪ್ಪತ್ ದಿನಾ ತಡಿಯಂಗಿಲ್ಲೇನು?"

ಗದಿಗೆಪ್ಪ ಬೈದುಕೊಂಡು ಬಸ್ಸಿಗೆ ಹೋದ. ಅಜ್ಜಿ ಆ ಸಂಜೆ ನನಗೆಂದು ಒಬ್ಬಟ್ಟು ಮಾಡಿದಳು.

ದೀಪಾವಳಿ ಬಂತು, ಹೋಯಿತು. "ಚಳಿ ಈ ಸಲ ತಡ," ಎಂದೆ. ಕಾರ್ತಿಕ ಮುಗಿಯಿತು. "ಇನ್ನೂ ಸಾಲದು," ಎಂದೆ. ಒಂದು ಸುಳ್ಳು ಹೇಳುವುದು ಕಷ್ಟ, ಅದರ ಮರಿಗಳನ್ನು ಸಾಕುವುದು ಅಷ್ಟೇನೂ ಕಷ್ಟವಲ್ಲ. ಡಿಸೆಂಬರಿನಲ್ಲಿ ಸಿದ್ರಾಮ ಮತ್ತು ಇನ್ನಿಬ್ಬರು ಮರೆಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕೀಲು ಅಲ್ಲಾಡಿಸಿ ನೋಡಿ, ಇನ್ನೂ ಸ್ವಲ್ಪ ತಿರುಗುತ್ತಿದೆ, ಫೆಬ್ರವರಿಯೊಳಗೆ ನಡೆಸಲು ಶುರು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದರಂತೆ. ಮತ್ತೆ ಐವತ್ತೆರಡು ಮೆಟ್ಟಿಲು ಹತ್ತಿಸಿದರು. ಕೆಳಗಿನ ಕೋಣೆಯ ಬಾಗಿಲ ಮುಂದೆಯೇ ಕುರ್ಚಿ ಹಾದುಹೋಯಿತು. ಅಜ್ಜಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ಅನುಸೂಯಮ್ಮ, "ಪಾಪ, ಆ ಕೋಣೆ ಕೊಡಬಾರ್ದಾ ವಸಂತಮ್ಮ," ಎಂದಳು. "ಕೊಡ್ತೀನಿ ಅಂದಿವ್ನಿ ಕಣೆ. ಅವಳ ಕೆಲ್ಸ ಅವಳು ಮುಗಿಸ್ಬೇಕಲ್ಲ," ಎಂದಳು ಅಜ್ಜಿ.

ಗಿಡಗಳಿಗೆ ಚಳಿ ಬೀಳಲೆಂದು ಹನುಮವ್ವ ನಾಲ್ಕೂ ಕುಂಡಗಳನ್ನು ಟೆರೇಸಿಗೆ ಒಯ್ದಳು. ಅವಳು ಕೆಲಸಕ್ಕೆ ಹೋದಾಗ ಮರೆಪ್ಪನೇ ಕಾವಲು. ಬಾಗಿಲ ಬಳಿ ಚಾಪೆ ಎಳೆದುಕೊಂಡು, ಕೋಲಿನಿಂದ ಪಾರಿವಾಳ ಓಡಿಸುತ್ತ, ಗಿಡಗಳ ಜೊತೆ ಮಾತಾಡುತ್ತ ಮಲಗಿರುತ್ತಿದ್ದ. ನಾನು ಬಟ್ಟೆ ಒಣಹಾಕಲು ಹೋದಾಗ ಕೇಳಿಸುತ್ತಿತ್ತು. "ಲೇ ಸಣ್ಣಕ್ಕಿ, ನಿಮ್ಮಕ್ಕನ್ನ ನೋಡಿ ಕಲಿ. ತಿನ್ನೂದು ಅಷ್ಟೇ, ಬೆಳಿಯೂದಿಲ್ಲ." ನಾಲ್ಕರಲ್ಲಿ ಒಂದು ತೀರ ಕುಳ್ಳಗಿತ್ತು. ಅದಕ್ಕೇ ಆ ಹೆಸರು, ಆ ಬೈಗುಳ. ಬಿದ್ದ ಮೇಲೆ ಮೊದಲ ಸಲ ಅವನು ನಗುವುದನ್ನು ಕಂಡದ್ದು ಆಗಲೇ. ಕೈಗೆ ಕೆಲಸ ಸಿಕ್ಕಿತ್ತು.

ಜನವರಿಯ ಕೊನೆಯ ವಾರ. ಬಟ್ಟೆ ತೆಗೆಯಲು ಹೋಗಿದ್ದೆ. ಹನುಮವ್ವ ಆಗತಾನೆ ಕೆಲಸದಿಂದ ಬಂದು ನೀರು ಕುಡಿಯುತ್ತಿದ್ದಳು. ಮರೆಪ್ಪ ಅವಳನ್ನು ಕರೆದು ಅಲ್ಯೂಮಿನಿಯಂ ಬಟ್ಟಲೊಂದನ್ನು ಮುಂದೆ ತಳ್ಳಿದ.

"ನೋಡು, ನಾ ಏನ್ ಮಾಡೀನಿ."

"ಏನದು?"

"ಕುಡಿ ಚೂಟೀನಿ. ಮೂರಕ್ಕೂ ನಡುವಿಂದ ಉದ್ದಕ ಒಂದೊಂದೇ ಕುಡಿ ಎದ್ದಿತ್ತು. ಒಂಟಿ ಕುಡಿ ಬಿಟ್ರ ಒಂದೇ ಹೂ. ನಮ್ಮ ತೊಗರಿಗಿ ಚೂಟಂಗಿಲ್ಲೇನು? ಒಂದು ಚೂಟಿದ್ರ ಹತ್ತು ಟೊಂಗಿ. ಹತ್ತು ಹೂ ಬಿಟ್ರ ಅಮ್ಮಾರಿಗೆ ಎರಡ್ ಖೋಲಿ ಕೇಳೂಣು." ಅವನು ನನ್ನ ಕಡೆ ನೋಡಿ ನಕ್ಕ. "ಸಣ್ಣಕ್ಕಿಗಿ ಕುಡೀನೇ ಬಂದಿಲ್ರಿ, ಅಕ್ಕಾರ. ಅದನ್ನ ಬಿಟ್ಟೀನಿ."

ತೊಗರಿ ಬೆಳೆಯುವವರು ಹೂವಿಗೆ ಮೊದಲು ಹೊಲವೆಲ್ಲ ತಿರುಗಿ ಕುಡಿ ಚಿವುಟುತ್ತಾರೆ. ನಮ್ಮ ಸೇವಂತಿಗೆಗೂ ಅಜ್ಜಿ ಚಿವುಟುತ್ತಿದ್ದಳು. ಆದರೆ ಇದು ತೊಗರಿಯಲ್ಲ, ಸೇವಂತಿಗೆಯಲ್ಲ. ಬುಡದಲ್ಲಿ ಎಲೆ, ನಡುವಿನಿಂದ ಏಳುವುದು ಹೂವಿನ ಕಡ್ಡಿ ಮಾತ್ರ. ನಾನು ಬಟ್ಟಲಿನಿಂದ ಒಂದು ತುದಿ ಎತ್ತಿಕೊಂಡೆ. ಎಳ್ಳಿನಷ್ಟು ದಪ್ಪದ ಹಸಿರು ಗಂಟು, ತಲೆ ತಗ್ಗಿಸಿತ್ತು. ಉಗುರಿನಿಂದ ಬಿಡಿಸಿದೆ. ಒಳಗೆ ಮಡಿಸಿಟ್ಟಂತೆ ನೀಲಿ ಇತ್ತು.

ಹನುಮವ್ವ ಅದನ್ನು ನೋಡಿದಳು. ನನ್ನ ಉಗುರನ್ನು ನೋಡಿದಳು. ಗಂಡನಿಗೆ, "ಚಲೋ ಮಾಡೀ," ಎಂದು ಹೇಳಿ ಬಟ್ಟಲು ಎತ್ತಿಟ್ಟಳು. ಅವನಿಗೆ ಅವಳು ಹೇಳಲೇ ಇಲ್ಲ. ನಾನೂ ಹೇಳಲಿಲ್ಲ. ಕೆಳಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಮೊದಲು ಹುಬ್ಬೇರಿಸಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅವನ ಕೈಲೇ ಚಿವುಟಿದ್ನಾ? ಅವನ ಕೈಲೇ? ಇಂಥದ್ದು ನನ್ನ ಕಥೇಲೂ ಇಲ್ವಲ್ಲೇ."

ಆ ವಾರವೆಲ್ಲ ಅದನ್ನು ಬೀದಿಯವರಿಗೆ ಹೇಳಿದಳು. ಅನುಸೂಯಮ್ಮನಿಗೆ ಎರಡು ಸಲ ಹೇಳಿದಳು.

ಫೆಬ್ರವರಿ ಹಾಗೇ ಕಳೆಯಿತು. ಚಿವುಟಿದ ಮೂರೂ ಗಿಡ ಎಲೆಯನ್ನಷ್ಟೇ ಬಿಟ್ಟವು. ಒಂದು ಟೊಂಗೆಯೂ ಒಡೆಯಲಿಲ್ಲ. ಮಾರ್ಚಿಗೆ ಬಿಸಿಲು ಏರಿತು, ಟೆರೇಸಿನ ಕಾಂಕ್ರೀಟು ಹೆಂಚಾಯಿತು, ಆ ಮೂರೂ ಒಂದರ ಹಿಂದೊಂದು ಬಾಡಿ ಮಲಗಿದವು. ಸಣ್ಣಕ್ಕಿ ಒಂದು ಉಳಿಯಿತು. ಅದರ ಅಂಚೂ ಸುಡತೊಡಗಿದಾಗ ಅಜ್ಜಿಗೆ ಗಾಬರಿಯಾಯಿತು. ಬೀಗದಕೈ ಗೊಂಚಲು ತೆಗೆದು ಕೆಳಗಿನ ಕೋಣೆಯ ಬಾಗಿಲು ತೆರೆಸಿದಳು.

"ಬಿಸಿಲು ಏರೋ ಮುಂಚೆ ತಂದು ಈ ಕಿಟಕಿ ಕೆಳಗೆ ಇಡು. ಒದ್ದೆ ಗೋಣಿ ಸುತ್ತು. ಇಲ್ಲಿ ತಣ್ಣಗದೆ. ಸಾಯಂಕಾಲ ಆಚೆ ಇಟ್ಟು ಬೀಗ ಆಕಿ ಬೀಗದಕೈ ತಂದು ಕೊಡು."

ಹಾಗೆ ಗಿಡಕ್ಕೆ ಆ ಕೋಣೆ ಸಿಕ್ಕಿತು. ಹನುಮವ್ವ ನಸುಕಿಗೇ ಕುಂಡವನ್ನು ಕಂಕುಳಲ್ಲಿಟ್ಟುಕೊಂಡು ಇಳಿಸಿ, ಒಳಗಿಟ್ಟು, ಕೆಲಸಕ್ಕೆ ಹೋಗುತ್ತಿದ್ದಳು. ಎರಡಕ್ಕೆ ಬಂದವಳು ಮೊದಲು ಗೋಣಿಗೆ ನೀರು ಚಿಮುಕಿಸುತ್ತಿದ್ದಳು. ಆಮೇಲೆ ಮೇಲೆ ಹತ್ತುತ್ತಿದ್ದಳು. ಒಂದು ದಿನ ಅವಳು ಬರುವುದು ತಡವಾಯಿತು. ಬಾಯಾರಿದ ಮರೆಪ್ಪ ಟ್ಯಾಂಕಿನ ನಲ್ಲಿಯವರೆಗೆ ತೆವಳಲು ಹೋಗಿ, ಕಾದ ಕಾಂಕ್ರೀಟಿನ ಮೇಲೆ ಅಂಗೈ, ಮೊಣಕೈ ಬೊಬ್ಬೆ ಎದ್ದು, ಅರ್ಧ ದಾರಿಯಲ್ಲೇ ಬಿದ್ದಿದ್ದ. ಸಿದ್ರಾಮ ನೋಡಿ ಎಳೆದು ನೆರಳಿಗೆ ಹಾಕಿದ. ಹನುಮವ್ವ ಬಂದಾಗ ನಾನೇ ಗೇಟಿನಲ್ಲಿ ಸುದ್ದಿ ಹೇಳಿದೆ. ಅವಳು ಮೆಟ್ಟಿಲ ಕಡೆ ಓಡಿದಳು. ಮೂರು ಮೆಟ್ಟಿಲು ಹತ್ತಿದವಳು ನಿಂತಳು, ಇಳಿದು ಬಂದಳು, ಕೋಣೆಗೆ ಹೋಗಿ ಗೋಣಿಗೆ ನೀರು ಚಿಮುಕಿಸಿ, ಮತ್ತೆ ಓಡಿದಳು.

ಏಪ್ರಿಲ್ ಎರಡನೇ ವಾರ ಸಣ್ಣಕ್ಕಿಯ ನಡುವಿನಿಂದ ಕಡ್ಡಿ ಎದ್ದಿತು. ಈ ಸಲ ಅದನ್ನು ಯಾರೂ ಮುಟ್ಟಲಿಲ್ಲ. ಗುಂಡಿಯಷ್ಟು ಮೊಗ್ಗಾಗಿ, ಬಣ್ಣ ತೋರಿದ ದಿನ ಹನುಮವ್ವ ಕೆಲಸಕ್ಕೆ ಹೋಗದೆ ಅಜ್ಜಿಯ ಮುಂದೆ ಕುಂಡ ತಂದಿಟ್ಟಳು.

"ಅಮ್ಮಾರ, ಹೂ."

ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಇದು ಮೊಗ್ಗು. ಮೊಗ್ಗು ಊವಲ್ಲ."

ಮರುದಿನ ಒಂದು ಎಸಳು ಬಿಚ್ಚಿತ್ತು. "ಇನ್ನೂ ನಾಲ್ಕದೆ." ಅದರ ಮರುದಿನ ಮೂರು. "ನಿನಗ್ಯಾಕೆ ಆತುರ? ಅದಕ್ಕೇ ಇಲ್ಲ." ಹನುಮವ್ವ ಪ್ರತಿಸಲವೂ ತಲೆಯಾಡಿಸಿ, ಕುಂಡ ಎತ್ತಿಕೊಂಡು ಕೋಣೆಗೆ ಒಯ್ದಳು. ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಹೂ ಪೂರ್ತಿ ಬಿಚ್ಚಿಕೊಂಡಿತು. ನೀಲಿ, ಒಳಗೆ ಬಿಳಿ, ಹಿಂದೆ ಐದು ಕೊಕ್ಕೆ. ಪ್ರದರ್ಶನದಲ್ಲಿ ಕಂಡದ್ದಕ್ಕಿಂತ ಸಣ್ಣದು.

ಅಜ್ಜಿ ತುಂಬ ಹೊತ್ತು ನೋಡಿದಳು. ಬೆರಳು ಚಾಚಿ ಮುಟ್ಟಿದಳು. ಮುಟ್ಟಬೇಡಿ ಎನ್ನಲು ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಫೋಟೋ ತೆಗೆಸಿದಳು, ಆ ಅಪಾರ್ಟ್‌ಮೆಂಟಿನವಳಿಗೆ ಹೇಗಾದರೂ ಕಳಿಸು ಎಂದಳು. ಆಮೇಲೆ ಗೊಂಚಲಿನಿಂದ ಒಂದು ಬೀಗದಕೈ ಬಿಡಿಸಿ ಹನುಮವ್ವನ ಅಂಗೈಗೆ ಹಾಕಿದಳು.

"ತಗೋ. ಆಡಿದ ಮಾತು ಉಳಿಸ್ಕೊಂಡಿವ್ನಿ. ಊವಿನ ಕುಂಡ ಇಲ್ಲಿ ನನ್ನ ಕಟ್ಟೆ ಮೇಲೆ ಇಟ್ಟು ಓಗು."

ಹನುಮವ್ವ ಕುಂಡ ಇಟ್ಟಳು. ಫೋನು ಮಾಡಿ ಗದಿಗೆಪ್ಪನನ್ನು ಕರೆಸಿದಳು. ಅವನು ಟಿ. ದಾಸರಹಳ್ಳಿಯಿಂದ ಬರುವಷ್ಟರಲ್ಲಿ ತಾತನ ಸೈಕಲ್ಲು, ಗ್ರೈಂಡರು, ಗೋಣಿಚೀಲಗಳನ್ನೆಲ್ಲ ಒಬ್ಬಳೇ ಮೇಲೆ ಹೊತ್ತು, ಕೋಣೆ ಗುಡಿಸಿ, ನೀರು ಹಾಕಿ ತೊಳೆದಳು. ನಾನು ಅವಳ ಹಿಂದೆಯೇ ಟೆರೇಸಿಗೆ ಹೋದೆ. ಮರೆಪ್ಪನನ್ನು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿದ್ದರು. ಸೊಂಟ, ಮಂಡಿ ಎರಡೂ ಬಿಗಿದು ಬಲಗಾಲು ನೇರ ಮುಂದಕ್ಕೆ ಚಾಚಿಕೊಂಡೇ ಇತ್ತು, ಒನಕೆಯಂತೆ. ಮಡಿಸಲು ನೋಡಿದ ಸಿದ್ರಾಮ ಕೈಬಿಟ್ಟ. ಗದಿಗೆಪ್ಪ ಆ ಕಾಲನ್ನು ನೋಡಿದ, ನನ್ನನ್ನು ನೋಡಿದ, ಟವೆಲ್ಲನ್ನು ತಲೆಗೆ ಸುತ್ತಿಕೊಂಡ.

"ನಾಕ್ ಮಂದಿ ಬೇಕು," ಎಂದ ಸಿದ್ರಾಮ. "ಮೂರೇ ಅದೀವಿ."

ಹನುಮವ್ವ ನನ್ನ ಕಡೆ ತಿರುಗಿದಳು. ರವಿಕೆಯೊಳಗಿಂದ ಪ್ಯಾಕೆಟ್ಟು ತೆಗೆದಳು. ಅದರಲ್ಲಿ ಈಗ ಬಣ್ಣವೇ ಇರಲಿಲ್ಲ.

"ಅಕ್ಕಾರ, ಇದರ ಮ್ಯಾಲ ಖರೇನ ಏನ್ ಬರದಿತ್ತು?"

ಸಿದ್ರಾಮ, ಗದಿಗೆಪ್ಪ ನನ್ನ ಕಡೆ ತಿರುಗಿದರು. ಮರೆಪ್ಪನೂ.

"ಬಿತ್ತಿದ ವರ್ಷ ಹೂ ಬಿಡಲ್ಲ ಅಂತ," ಎಂದೆ. "ಒಂದು ಚಳಿಗಾಲ ಪೂರ್ತಿ ಕಳೆದ ಮೇಲೇ ಅಂತ."

"ಗದಿಗೆಪ್ಪ ಮಾಮ ಬಂದ ದಿನ ನಿಮಗದು ಗೊತ್ತಿತ್ತು."

"ಗೊತ್ತಿತ್ತು."

"ಅಮ್ಮಾರಿಗೂ."

"ಹೌದು."

ಬೈಯಬಹುದು ಎಂದುಕೊಂಡೆ, ಅಳಬಹುದು ಎಂದುಕೊಂಡೆ. ಎರಡಕ್ಕೂ ನಾನು ಸಿದ್ಧಳಾಗಿ ನಿಂತಿದ್ದೆ. ಅವಳು ಪ್ಯಾಕೆಟ್ಟನ್ನು ನಾಲ್ಕಾಗಿ ಮಡಿಸಿ ಟ್ಯಾಂಕಿನ ಕಟ್ಟೆಯ ಮೇಲಿಟ್ಟಳು.

"ಕುರ್ಚಿದು ಆ ಹಿಂದಿನ ಕಾಲು ಹಿಡೀರಿ," ಎಂದಳು. "ಸಡ್ಲ ಬಿಡಬ್ಯಾಡ್ರಿ. ಅವ ಬಿದ್ರ ಈಗ ಎದ್ದೇಳಂಗಿಲ್ಲ."

ಹಿಡಿದೆ. ಮರೆಪ್ಪ ಇಷ್ಟು ಹಗುರ ಇರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಆದರೂ ಹದಿನೈದನೇ ಮೆಟ್ಟಿಲಿಗೆ ಬೆರಳು ಜಾರತೊಡಗಿ ಹಿಡಿತ ಬದಲಿಸಿದೆ. ಕುರ್ಚಿಯನ್ನು ಒಂದು ಗಳಿಗೆ ಕೆಳಗಿಡೋಣ ಎಂದು ಯಾರೂ ಅನ್ನಲಿಲ್ಲ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಗೋಡೆಗೆ ತಾಗುತ್ತಿತ್ತು. ಅವನು, "ಹೂಂ, ಹೂಂ, ನಡೀರಿ," ಎನ್ನುತ್ತಿದ್ದ. ಎರಡನೇ ಮಹಡಿಯಲ್ಲಿ ಒಮ್ಮೆ, "ಸಣ್ಣಕ್ಕಿ ಹೂ ಬಿಡ್ತಂತಲ್ರಿ ಅಕ್ಕಾರ," ಎಂದ. "ನಾ ಚೂಟಿದ್ವು ಬಿಡ್ಲಿಲ್ಲ. ತೊಗರಿ ಬ್ಯಾರೆ, ಇದು ಬ್ಯಾರೆ, ನನಗ ತಿಳೀಲಿಲ್ಲ." ನಾನು ಮೆಟ್ಟಿಲು ನೋಡಿಕೊಂಡು ಇಳಿದೆ.

ಐವತ್ತೆರಡು ಮುಗಿದವು. ಕಟ್ಟೆಯ ಮೇಲೆ ಅಜ್ಜಿ ಅನುಸೂಯಮ್ಮನಿಗೆ ಹೂ ತೋರಿಸುತ್ತಿದ್ದಳು. ನಾವು ಹಾದುಹೋಗಲು ದಾರಿಯಾಗಲೆಂದು ಕಾಲು ಮಡಿಸಿಕೊಂಡಳು. ಕೋಣೆಯ ಬಾಗಿಲ ಬಳಿ ಕುರ್ಚಿಯನ್ನು ನೆಲಕ್ಕಿಟ್ಟೆವು. ಹನುಮವ್ವ ಮುಂದೆ ಹೋಗಿ ಬೀಗದಕೈ ಹಾಕಿ ತಿರುಗಿಸಿದಳು. ತೊಳೆದ ನೆಲ ಇನ್ನೂ ಒದ್ದೆಯಿತ್ತು. ಕುರ್ಚಿಯನ್ನು ಉತ್ತರದ ಕಿಟಕಿಯ ಕೆಳಗೆ ಇಳಿಸಿದೆವು. ಅವಳು ಸೀರೆಯ ಗಂಟು ಬಿಚ್ಚಿ, ಅವನ ಎರಡೂ ಕಂಕುಳಿಗೆ ಕೈ ಕೊಟ್ಟು, ಎತ್ತಿ, ಆ ಸಮ ನೆಲದ ಮೇಲೆ ನಿಲ್ಲಿಸಿದಳು.